ಕಪ್ಪು ಟೇಪು ಅಂಟಿಸಿದ ಯಂತ್ರ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ಕೊಟ್ಟರೂ ಕೂರಲಿಲ್ಲ. ಅವಳ ಗಂಡ ದೊಡ್ಡ ಅಂಗಡಿಯೊಂದರ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಚೀಟಿ ಹರಿಯುತ್ತಿದ್ದವನು. ಶನಿವಾರ ಸಂಜೆ ತನ್ನ ಗಾಜಿನ ಗೂಡಿನಲ್ಲಿ ಕೂತಲ್ಲೇ ಹೋಗಿಬಿಟ್ಟಿದ್ದ. ಮೊದಲೇ ಹೃದ್ರೋಗಿ, ಹೃದಯಾಘಾತ ಎಂದು ಹೇಳಿ ಎಲ್ಲರೂ ಕೈತೊಳೆದುಕೊಂಡಿದ್ದರು.

"ಸತ್ತವರ ಮುಖ ಬಿಳಚಿಕೊಳ್ಳತ್ತೆ ಅಲ್ವಾ ಸಾರ್? ಇವರದ್ದು ಕೆಂಪಗಿತ್ತು. ಬದುಕಿದ್ದಾಗಲೂ ಅಷ್ಟು ಕಳೆ ಇರ್ಲಿಲ್ಲ," ಎಂದಳು.

ಆ ಮಾತು ಇನ್ಸ್‌ಪೆಕ್ಟರ್ ಮನಸ್ಸಿಗೆ ಚುಚ್ಚಿತು. ದೂರು ದಾಖಲಿಸಿಕೊಂಡು, ಶವಾಗಾರದಲ್ಲಿದ್ದ ದೇಹವನ್ನು ಮರಣೋತ್ತರ ಪರೀಕ್ಷೆಗೆ ಒಪ್ಪಿಸಿದರು. ಮರುದಿನ ವರದಿ ಬಂತು: ರಕ್ತದ ತುಂಬ ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ವಾಹನದ ಹೊಗೆಯಲ್ಲಿದ್ದು, ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಸದ್ದಿಲ್ಲದೆ ಕಬಳಿಸುವ ಅನಿಲ. ಕಾಯಿಲೆಯ ಹೃದಯಕ್ಕೆ ಕಡಿಮೆ ಪ್ರಮಾಣವೇ ಸಾಕು.

ಪಂಚನಾಮೆಗೆ ಹೋದಾಗ ಸತ್ತವನ ಕುರ್ಚಿಯಲ್ಲಿ ಆಗಲೇ ಹೊಸಬ ಕೂತು ಚೀಟಿ ಹರಿಯುತ್ತಿದ್ದ. ಠಾಣೆಯಲ್ಲೆಲ್ಲ 'ಮೀಸೆ' ಎಂದೇ ಕರೆಸಿಕೊಳ್ಳುವ ಹೆಡ್ ಕಾನ್ಸ್‌ಟೇಬಲ್ ಅವನನ್ನು ರಟ್ಟೆ ಹಿಡಿದು ಮೇಲಕ್ಕೆ ಅಟ್ಟಿದ. ಗಾಳಿ ಎಳೆದು ಹೊರಹಾಕುವ ದೊಡ್ಡ ಫ್ಯಾನಿನಲ್ಲಿ ಜೇಡ ಸಂಸಾರ ಹೂಡಿತ್ತು. ಗಾಜಿನ ಗೂಡಿನ ಮೊಳೆಗೆ ಸೋಪಿನ ಡಬ್ಬಿಯಷ್ಟು ದೊಡ್ಡ ಯಂತ್ರವೊಂದು ನೇತಾಡುತ್ತಿತ್ತು. ಅದರ ಪರದೆಗೆ ಕಪ್ಪು ಟೇಪು. ಮೀಸೆ ಕಿತ್ತ. ಒಳಗೆ ಗಾಳಿಯ ವಿಷ ಅಳೆಯುವ ಕೆಂಪು ಅಂಕಿ ಮಿಟುಕುತ್ತಿತ್ತು.

"ಅಪಾಯ ಅಂತ ಬೊಬ್ಬೆ ಹೊಡೆಯೋ ಅಲಾರಂ ತಂತಿನೂ ಕತ್ತರಿಸಿದ್ದಾರೆ ಸಾರ್."

ಪಂಚರನ್ನೂ ಕರೆದುಕೊಂಡು ಎಲ್ಲರೂ ದಡಬಡಿಸಿ ಮೇಲೆ ಬಂದರು. ಪಾರ್ಕಿಂಗ್ ಮುಚ್ಚಿಸಿ, ಅಂಗಡಿ ಮಾಲೀಕನನ್ನು ಅಲ್ಲೇ ನಿಲ್ಲಿಸಿ ಕೇಳಿದರು.

"ಫ್ಯಾನ್ ಕೆಟ್ಟಿದ್ದು ಯಾವಾಗ?"

"ಎರಡು ತಿಂಗಳಾಯ್ತು. ರಿಪೇರಿಯವನನ್ನ ಕರೆಸಿದ್ದೆ ಸಾರ್, ಡಾಕ್ಟ್ರೇ ವಾಪಸ್ ಕಳಿಸಿದ್ರು."

"ಯಾವ ಡಾಕ್ಟ್ರು?"

"ಗಾಳಿ, ಹೃದಯ ಅಂತ ಸಂಶೋಧನೆ ಮಾಡೋರು. ಆ ಯಂತ್ರ ಅವರದ್ದೇ. ಅಧ್ಯಯನ ಮುಗಿಯೋವರೆಗೆ ಫ್ಯಾನ್ ಮುಟ್ಟಬೇಡಿ ಅಂದ್ರು. ಖರ್ಚು ಉಳೀತು ಅಂತ ನಾನೂ ಸುಮ್ಮನಿದ್ದೆ."

"ಸುಮ್ಮನಿದ್ದಿದ್ದಕ್ಕೂ ಸೆಕ್ಷನ್ ಇದೆ," ಎಂದ ಮೀಸೆ.

ಮಧ್ಯಾಹ್ನ ಠಾಣೆಯಲ್ಲಿ ಸತ್ತವನ ಹೆಂಡತಿಯ ಹೇಳಿಕೆ ಪಡೆದರು. ಗಂಡನಿಗೆ ಊಟ ಕೊಡಲು ಹೋದಾಗ ಡಾಕ್ಟರನ್ನೂ ಯಂತ್ರವನ್ನೂ ಕಂಡಿದ್ದ ಅವಳು, ಯಂತ್ರ ತೋರಿಸಿದಾಗ ಗುರುತು ಹಿಡಿದಳು.

"ಇದು ಕಾಯತ್ತೆ ಅಂತಿದ್ರು. ಮೊದಲೆಲ್ಲ ತಲೆನೋವು ಬಂದ್ರೆ ಮೇಲೆ ಹೋಗಿ ಗಾಳಿ ಕುಡಿದು ಬರೋರು. ಇದು ಬಂದ್ಮೇಲೆ ಬಿಟ್ಟೇಬಿಟ್ರು. ಡಾಕ್ಟ್ರು ವಾರವಾರ ನೋಡ್ತಾರಲ್ಲ, ಹೆಚ್ಚುಕಮ್ಮಿ ಆದ್ರೆ ಹೇಳ್ದೇ ಇರ್ತಾರಾ ಅನ್ನೋರು."

ಇನ್ಸ್‌ಪೆಕ್ಟರ್ ಅವಳ ಮುಖ ನೋಡಲಾರದೆ ಕಾಗದ ಮಡಚಿಟ್ಟರು. ಸಂಜೆ ಪ್ರಯೋಗಾಲಯದಲ್ಲಿ ಡಾಕ್ಟರನ ಎದುರು ಕೂತರು.

"ಪರದೆಗೆ ಟೇಪ್ ಯಾಕೆ?"

"ಅಂಕಿ ಕಂಡ್ರೆ ಎದ್ದು ಹೊರಗೆ ಹೋಗ್ತಾರೆ. ಅಧ್ಯಯನ ಕೆಡತ್ತೆ."

"ನೀವು ನೋಡ್ತಿದ್ರಿ?"

"ಪ್ರತಿ ವಾರ."

"ತಲೆನೋವು ಅಂತ ಹೇಳಿದಾಗ?"

"ಮಾತ್ರೆ ಕೊಟ್ಟೆ."

ಇನ್ಸ್‌ಪೆಕ್ಟರ್ ಪೆನ್ನು ಮುಚ್ಚಿ ಎದ್ದರು. ಮಾಲೀಕನದು ದುರಾಸೆ, ಅದು ಅವರಿಗೆ ದಿನಾ ಕಾಣುವ ಸರಕು. ಇವನು ಮಾತ್ರ ಒಂದು ಜೀವ ಆರುವುದನ್ನು ಅಂಕಿಅಂಕಿಯಾಗಿ ಓದಿದ್ದ. ಅಲ್ಲೇ ಬಂಧಿಸಿದರು.

ಜೀಪಿನಲ್ಲಿ ಅವನೇ ಬಾಯಿಬಿಟ್ಟ.

"ನಮ್ಮಪ್ಪನೂ ಇಂಥದ್ದೇ ಗೂಡಲ್ಲಿ ಕೂತು ಸತ್ರು. ಎಷ್ಟು ಕಚೇರಿ ಅಲೆದೆ ಗೊತ್ತಾ? ಎಲ್ಲರೂ ಪುರಾವೆ ಎಲ್ಲಿ ಅಂದ್ರು. ಯಾರೂ ಅಲ್ಲಗಳೆಯೋಕೆ ಆಗದಂಥ ಪುರಾವೆ ಬೇಕಿತ್ತು. ಇನ್ನು ಸ್ವಲ್ಪ ದಿನ ಸಾಕಿತ್ತು."

ಅದು ಸುಳ್ಳೆಂದು ಇನ್ಸ್‌ಪೆಕ್ಟರ್‌ಗೆ ಅನ್ನಿಸಲಿಲ್ಲ. ಅದೇ ಅವರಿಗೆ ಹೆಚ್ಚು ಕಹಿಯಾಯಿತು.

ಠಾಣೆಯ ಬೆಂಚಿನ ಮೇಲೆ ಆ ಹೆಂಗಸು ಇನ್ನೂ ಕೂತಿದ್ದಳು. ಡಾಕ್ಟರನನ್ನು ಕಂಡು ದಡಕ್ಕನೆ ಎದ್ದಳು. ದೂರು ಕೊಟ್ಟಾಗಿನಿಂದ ಮೊದಲ ಸಲ ಅವಳ ಮುಖದಲ್ಲಿ ಗೆಲುವು ಮೂಡಿತು.

"ನೀವೂ ಬಂದ್ರಾ ಡಾಕ್ಟ್ರೇ? ಅವರ ಪರವಾಗಿ ಸಾಕ್ಷಿ ಹೇಳೋಕೆ ನೀವೊಬ್ರೇ ಇರೋದು."

ಡಾಕ್ಟರ್ ತಲೆ ತಗ್ಗಿಸಿದ. ಅವಳಿಗೆ ಹೇಳುವ ಕೆಲಸ ಇನ್ಸ್‌ಪೆಕ್ಟರ್ ಪಾಲಿಗೆ ಬಂತು.