ಲಿಜೆಟ್‌ಳ ಬಲ ಮೊಣಕಾಲು

"ಒಂದು ಕಡೆ ನಿಂತ್ಕೊಳೇ! ನಿನ್ನ ನೋಡಿ ನನಗೇ ಉಚ್ಚೆ ಬರೋ ಹಾಗಾಗ್ತಿದೆ," ಎಂದ ರೆಮಿ.

ಲಿಜೆಟ್ ನಿಲ್ಲಲಿಲ್ಲ. ಫೈರ್ ಸ್ಟೇಷನ್ ಮುಂದಿನ ರಸ್ತೆಯಲ್ಲಿ ಆ ಕಡೆಯಿಂದ ಈ ಕಡೆಗೆ ತಿರುಗುತ್ತಲೇ ಇದ್ದಳು. ಕೈ ಕೊಡವಿದಳು. ಶೂ ಲೇಸ್ ಬಿಚ್ಚಿ ಮತ್ತೆ ಕಟ್ಟಿದಳು. ಅದು ಸರಿಯಾಗಿಯೇ ಇತ್ತು.

"ಬಾತುಕೋಳಿಗೆ ಟೆನ್ಷನ್ನು," ಎಂದ ರೆಮಿ. ಅವನಿಗೆ ಹದಿಮೂರು ವರ್ಷ. ತಂಗಿಗಿಂತ ಎರಡು ವರ್ಷ ದೊಡ್ಡವನು. ತಲೆಯ ಮೇಲೆ ಬಟ್ಟೆಯಲ್ಲಿ ಹೊಲಿದ ಟರ್ಕಿ ಕೋಳಿಯ ಟೋಪಿ ಇತ್ತು. ಅದರ ಎರಡು ಕಾಲು ಅವನ ಕಿವಿಯ ಹತ್ತಿರ ನೇತಾಡುತ್ತಿದ್ದವು.

"ಕೋಳಿ ಹೊತ್ಕೊಂಡಿರೋನು ನೀನು. ಬಾತುಕೋಳಿ ನಾನಾ?"

"ನಾನು ಓಡೋಕೆ ಬಂದಿದೀನಮ್ಮಾ. ನಿನ್ನ ಹಾಗೆ ಸೊಂಟ ಕುಣಿಸೋಕಲ್ಲ."

ಅವನು ಓಡುವವರ ಗುಂಪಿಗೆ ಹೋದ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆಳಿಗ್ಗೆಯ ಈ ಓಟದಲ್ಲಿ ಓಡುವವರು ಮುಂದೆ, ನಡೆಯುವವರು ಹಿಂದೆ. ಹಿಂದೆ ಅಂದರೆ ಮಗುವಿನ ತಳ್ಳುಗಾಡಿ, ನಾಯಿ, ಕಾಫಿ ಲೋಟ ಹಿಡಿದ ಅಜ್ಜಂದಿರು. ನಡೆಯುವವರಲ್ಲಿ ಮೊದಲು ಬಂದವರಿಗೆ ಒಂದು ಆ್ಯಪಲ್ ಪೈ. ಬೇಕರಿಯದ್ದಲ್ಲ, ಚರ್ಚಿನ ಅಡುಗೆಮನೆಯಲ್ಲಿ ಮಾಡಿದ್ದು. ಪ್ರತಿ ವರ್ಷ ಅದನ್ನು ಗೆಲ್ಲುವವರು ಊರಿನ ಪೋಸ್ಟ್ ಹಂಚುವ ಮಿಸೆಸ್ ಹಚಿನ್ಸ್. ನಡೆಯುವುದೇ ಅವರ ಕೆಲಸ.

ಲಿಜೆಟ್‌ಗೆ ಆ ಪೈ ಬೇಕಿತ್ತು. ತಿನ್ನಲಿಕ್ಕಲ್ಲ. ಮಧ್ಯಾಹ್ನ ಅಜ್ಜಿ ಮೆಮೆಯ ಮನೆಯ ಊಟದ ಮೇಜಿನ ಮೇಲೆ, ಎಲ್ಲರೂ ಕೂತ ಮೇಲೆ, ನಡುವೆ ಟಪ್ಪನೆ ಇಡಲಿಕ್ಕೆ.

ಹೋದ ಭಾನುವಾರ ಮೆಮೆಯ ಅಡುಗೆಮನೆಯಲ್ಲಿ ಅವಳು ರೇಸ್‌ವಾಕ್, ಅಂದರೆ ಪಂದ್ಯದ ನಡಿಗೆ, ಮಾಡಿ ತೋರಿಸಿದ್ದಳು. ಹಿಮ್ಮಡಿ ಮೊದಲು ಊರಬೇಕು. ಊರಿದ ಕಾಲು ಕೋಲಿನ ಹಾಗೆ ನೆಟ್ಟಗಿರಬೇಕು, ಮೈ ಅದರ ಮೇಲೆ ಹಾದು ಹೋಗುವ ತನಕ ಮೊಣಕಾಲು ಬಾಗಬಾರದು. ಒಂದಲ್ಲ ಒಂದು ಪಾದ ನೆಲದ ಮೇಲೆ ಇರಲೇಬೇಕು. ಹಾಗೆ ಜೋರಾಗಿ ನಡೆದರೆ ಸೊಂಟ ತಾನಾಗಿ ತಿರುಗುತ್ತದೆ. ಗ್ಯಾಸ್ ಒಲೆಯಿಂದ ಫ್ರಿಜ್ ತನಕ ಹೋಗುವಷ್ಟರಲ್ಲಿ ಮಾರ್ಸೆಲ್ ಮಾಮನ ಮೂಗಿನಿಂದ ಸೋಡಾ ಬಂದಿತ್ತು. ಅಷ್ಟು ನಕ್ಕಿದ್ದರು. ಮೆಮೆ ಕೂಡ ಏಪ್ರನ್‌ನಿಂದ ಕಣ್ಣು ಒರೆಸಿಕೊಂಡು, "ಬಾತ್‌ರೂಮು ಆ ಕಡೆ ಪುಟ್ಟಾ," ಎಂದಿದ್ದಳು.

ಅಕ್ಕ ಡೆನೀಸ್ ಮಾತ್ರ ನಕ್ಕಿರಲಿಲ್ಲ. ಎದ್ದು ಹೊರಗೆ ಹೋಗಿದ್ದಳು.

ಲಿಜೆಟ್‌ಗೆ ಇದನ್ನು ಕಲಿಸಿದವಳೇ ಡೆನೀಸ್. ಹೈಸ್ಕೂಲಿನ ಟೀಮಿನಲ್ಲಿ ರೇಸ್‌ವಾಕ್ ಮಾಡುತ್ತಿದ್ದಳು. ಹೋದ ಬೇಸಿಗೆಗೆ ಮೊದಲು ನಡೆದ ದೊಡ್ಡ ಕ್ರೀಡಾಕೂಟದಲ್ಲಿ ಮೊಣಕಾಲು ಬಾಗಿತೆಂದು ಮೂರು ಜಡ್ಜ್‌ಗಳು ಕೆಂಪು ಕಾರ್ಡ್ ಕೊಟ್ಟು, ಕೊನೆಯ ಸುತ್ತಿನಲ್ಲಿ ಹೊರಗೆ ಕಳಿಸಿದ್ದರು. ಆಮೇಲೆ ಅವಳು ಒಂದು ಹೆಜ್ಜೆಯೂ ಹಾಕಿಲ್ಲ. ಲಿಜೆಟ್ ಕಾಡಿದಾಗ ಮೆಟ್ಟಿಲ ಮೇಲೆ ಕೂತು ಬಾಯಲ್ಲೇ ಹೇಳಿಕೊಟ್ಟಿದ್ದಳು. ಇವತ್ತೂ ಅಮ್ಮ ಬೈದಿದ್ದಕ್ಕೆ ಸೇತುವೆಯ ಹತ್ತಿರ ನೀರು ಕೊಡುವ ಮೇಜಿಗೆ ಹೋಗಿದ್ದಳು.

ಫೈರ್ ಎಂಜಿನ್ ಸೈರನ್ ಕೂಗಿತು. ಓಟ ಶುರು.

ಲಿಜೆಟ್ ನಾಯಿಗಳ ನಡುವೆ ಸಿಕ್ಕಿಕೊಂಡಳು. ಒಂದು ಹಗ್ಗ ದಾಟಿದಳು. ಇನ್ನೊಂದು ಹಗ್ಗ. "ಸಾರಿ, ಸಾರಿ." ತಳ್ಳುಗಾಡಿಯ ಪಕ್ಕದಿಂದ ನುಸುಳಿದ ಮೇಲೆ ರಸ್ತೆ ಸಿಕ್ಕಿತು. ಹಿಮ್ಮಡಿ, ನೆಟ್ಟಗೆ. ಹಿಮ್ಮಡಿ, ನೆಟ್ಟಗೆ. ಮೊಣಕೈ ಹಿಂದಕ್ಕೆ.

ಲೈಬ್ರರಿ ದಾಟುವಾಗ ಓಡಿ ಸುಸ್ತಾದವರು ಸಿಗತೊಡಗಿದರು. ಅವಳು ನಡೆದುಕೊಂಡೇ ಅವರನ್ನು ಹಿಂದೆ ಹಾಕಿದಳು.

"ಏಯ್, ಅಷ್ಟು ಅರ್ಜೆಂಟಿದ್ರೆ ಓಡಬಾರ್ದಾ?" ಎಂದು ಒಬ್ಬ ಕೂಗಿದ. ಅವನ ಗೆಳೆಯರು ನಕ್ಕರು. ಒಬ್ಬನಂತೂ ಅವಳ ಹಿಂದೆಯೇ ಸೊಂಟ ತಿರುಗಿಸುತ್ತಾ ಸ್ವಲ್ಪ ದೂರ ಬಂದ.

ಲಿಜೆಟ್ ತಿರುಗಿ ನೋಡಲಿಲ್ಲ. ಕಿವಿ ಮಾತ್ರ ಬಿಸಿಯಾಯಿತು.

ಮಿಲ್ಲಿನ ಮೂಲೆಯಲ್ಲಿ ರಸ್ತೆ ಕಾಯುತ್ತಿದ್ದ ಫೈರ್ ಸ್ಟೇಷನ್ನಿನ ದಪ್ಪ ಮನುಷ್ಯ ಅವಳನ್ನು ನೋಡಿ ಗಾಬರಿಯಾದ. ಕಂಬಳಿ ಹಿಡಿದು ಪಕ್ಕಕ್ಕೆ ಓಡಿ ಬಂದ.

"ಸೊಂಟಕ್ಕೆ ಏನಾಯ್ತು ಮಗಾ? ಬಿದ್ಯಾ? ನಿಲ್ಲು, ನಿಲ್ಲು!"

"ಏನೂ ಆಗಿಲ್ಲ!"

"ಕುಂಟ್ತಾ ಇದೀಯಲ್ಲಮ್ಮಾ!"

"ಕುಂಟ್ತಾ ಇಲ್ಲ! ಇದು ಹೀಗೇ ಮಾಡೋದು!"

"ಹೀಗೇನಾ?" ಏದುಸಿರು ಬಿಡುತ್ತಾ ಅವನು ನಿಂತ. "ನಿಮ್ಮ ಅಮ್ಮಂಗೆ ಗೊತ್ತಾ?"

ಲಿಜೆಟ್‌ಗೆ ಅಳು ಬರುವಂತಾಯಿತು. ಅದನ್ನು ನುಂಗಿ ಇನ್ನೂ ಜೋರಾಗಿ ನಡೆದಳು. ಮುಂದೆ ಸೇತುವೆಯ ಮೇಲೆ ಬೇಟೆಗಾರರು ಹಾಕುವಂಥ ಕಿತ್ತಳೆ ಬಣ್ಣದ ಜಾಕೆಟ್ ಕಾಣುತ್ತಿತ್ತು. ಮಿಸೆಸ್ ಹಚಿನ್ಸ್.

ಅವರ ನಡಿಗೆಯಲ್ಲಿ ಚಂದವೇನೂ ಇರಲಿಲ್ಲ. ಮೊಣಕಾಲು ಬಾಗಿಸಿ, ಕೆಳಗೆ ನೋಡುತ್ತಾ, ದಡಬಡ ಹೋಗುತ್ತಿದ್ದರು. ಆದರೆ ನಿಲ್ಲುತ್ತಿರಲಿಲ್ಲ. ಸೇತುವೆ ಮುಗಿಯುವಷ್ಟರಲ್ಲಿ ಲಿಜೆಟ್ ಅವರ ಪಕ್ಕಕ್ಕೆ ಬಂದಳು.

"ಓಹೋ, ಥಿಬೊಡೊ ಮನೆ ಹುಡುಗಿ!" ಎಂದರು ಮಿಸೆಸ್ ಹಚಿನ್ಸ್. "ಇದೇನಮ್ಮ ಇದು, ಹಿಂದೆ ನಾಯಿ ಬಿಟ್ಟಿದಾರಾ?"

ಲಿಜೆಟ್ ಅವರನ್ನು ದಾಟಿ ಮುಂದೆ ಹೋದಳು. ಈಗ ನಡೆಯುವವರಲ್ಲಿ ಅವಳೇ ಮೊದಲು. ಪೈ, ಮೇಜು, ಮಾರ್ಸೆಲ್ ಮಾಮನ ಮುಖ, ಎಲ್ಲ ಕಣ್ಣ ಮುಂದೆ ಬಂತು.

ಅಲ್ಲಿಂದ ಏರು ಶುರುವಾಯಿತು. ತೊಡೆ ಉರಿಯಿತು. ಬಲಗಾಲು ಅವಳ ಮಾತು ಕೇಳುವುದನ್ನು ನಿಲ್ಲಿಸಿತು. ಹಿಂದೆ ದಡಬಡ ಸದ್ದು ಹತ್ತಿರವಾಯಿತು. ಲಿಜೆಟ್ ಹೆಜ್ಜೆ ಉದ್ದ ಮಾಡಿದಳು.

ನೀರಿನ ಮೇಜು ಬಂತು. ಡೆನೀಸ್ ಜಾಕೆಟ್ಟಿನ ಜೇಬಿನಲ್ಲಿ ಕೈಯಿಟ್ಟು ನಿಂತಿದ್ದಳು. ಅವಳು ಲಿಜೆಟ್‌ಳ ಮುಖ ನೋಡಲಿಲ್ಲ. ಕಾಲು ನೋಡುತ್ತಿದ್ದಳು. ತಟ್ಟನೆ ಜೇಬಿನಿಂದ ಕೈ ತೆಗೆದಳು. ಮೇಜಿನ ಮೇಲಿದ್ದ ಒಂದು ಹಳದಿ ಪೇಪರ್ ಪ್ಲೇಟ್ ಎತ್ತಿ, ಅದರಲ್ಲಿದ್ದ ಡೋನಟ್ ಚೂರುಗಳನ್ನು ಮೇಜಿನ ಮೇಲೆ ಸುರಿದು, ಮಾರ್ಕರ್‌ನಿಂದ ಗೀಚಿ ಎತ್ತಿ ಹಿಡಿದಳು.

ಪ್ಲೇಟಿನ ಮೇಲೆ ಎರಡೇ ಗೆರೆ, ಮಡಚಿದ ಕಾಲಿನ ಹಾಗೆ. ಜಡ್ಜ್‌ಗಳು ತೋರಿಸುವ ಗುರುತು. ನಿನ್ನ ಮೊಣಕಾಲು ಬಾಗುತ್ತಿದೆ ಅಂತ.

ಲಿಜೆಟ್‌ಗೆ ನಂಬಲಾಗಲಿಲ್ಲ. ಸ್ವಂತ ಅಕ್ಕ! ಈ ಓಟದಲ್ಲಿ ಜಡ್ಜೇ ಇಲ್ಲ. ಕೆಂಪು ಕಾರ್ಡ್ ಇಲ್ಲ. ಹೀಗೇ ಹೋದರೆ ಯಾರೂ ಏನೂ ಕೇಳುವುದಿಲ್ಲ. ಓಟ ಮುಗಿಯುವ ಫೈರ್ ಸ್ಟೇಷನ್ ಅಗೋ, ಏರು ಮುಗಿದ ಕೂಡಲೇ.

ಆದರೆ ಬಲ ಮೊಣಕಾಲು ನಿಜವಾಗಿ ಬಾಗುತ್ತಿತ್ತು. ಪ್ಲೇಟ್ ನೋಡುವ ಮೊದಲೇ ಅದು ಅವಳಿಗೆ ಗೊತ್ತಿತ್ತು.

"ಥೂ!" ಎಂದಳು ಜೋರಾಗಿ. ಹೆಜ್ಜೆ ಚಿಕ್ಕದು ಮಾಡಿದಳು. ಹಿಮ್ಮಡಿ, ನೆಟ್ಟಗೆ. ಕಾಲು ನೆಟ್ಟಗಾಯಿತು, ವೇಗ ಹೋಯಿತು.

ಕಿತ್ತಳೆ ಜಾಕೆಟ್ ಪಕ್ಕದಲ್ಲಿ ಹಾದು ಹೋಯಿತು. "ಬಾ ಪುಟ್ಟಾ, ಬಾ," ಎಂದರು ಮಿಸೆಸ್ ಹಚಿನ್ಸ್. ನಿಲ್ಲಲಿಲ್ಲ.

ಲಿಜೆಟ್ ಗುರಿ ಮುಟ್ಟುವಾಗ ಪೈ ಆಗಲೇ ಅವರ ಕೈಯಲ್ಲಿತ್ತು.

ರೆಮಿ ಬಾಳೆಹಣ್ಣು ತಿನ್ನುತ್ತಾ ನಿಂತಿದ್ದ. "ಸೆಕೆಂಡಾ? ಬಾತುಕೋಳಿಗೆ ಅಷ್ಟು ಸಾಕು ಬಿಡು."

ಅವಳು ಅವನನ್ನು ತಳ್ಳಿ ಮುಂದೆ ಹೋದಳು. ಕೂರಲಿಲ್ಲ, ನೀರು ಕುಡಿಯಲಿಲ್ಲ. ಬಂದ ರಸ್ತೆಯಲ್ಲೇ ಏರಿನ ಕೆಳಕ್ಕೆ ವಾಪಸು ಹೋದಳು. ಏನಾದರೂ ಒಡೆಯಬೇಕು ಅನಿಸುತ್ತಿತ್ತು. ರೆಮಿಯೂ ಹಿಂದೆ ಬಂದ. ಜಗಳ ನೋಡುವ ಆಸೆ ಅವನಿಗೆ.

ಡೆನೀಸ್ ಲೋಟಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

"ನಿನ್ನಿಂದ ಸೋತೆ!" ಎಂದಳು ಲಿಜೆಟ್. "ನಿನ್ನಿಂದಲೇ!"

"ಗೊತ್ತು."

"ಮಿಸೆಸ್ ಹಚಿನ್ಸ್ ಮೊಣಕಾಲು ಬಾಗೇ ಇತ್ತು! ಶುರುವಿಂದ ಕೊನೇ ತನಕ! ಕುರ್ಚಿ ಮೇಲೆ ಕೂತ ಹಾಗೆ ಬಾಗಿತ್ತು! ಅವರಿಗ್ಯಾಕೆ ತೋರಿಸಲಿಲ್ಲ?"

ಡೆನೀಸ್ ಇನ್ನೊಂದು ಲೋಟ ಎತ್ತಿಕೊಂಡಳು. "ಅವರು ಏನ್ ಮಾಡ್ತಿದ್ರು?"

"ಏನಂದ್ರೆ? ನಡೀತಿದ್ರು."

"ನೀನು?"

ಲಿಜೆಟ್ ತನ್ನ ಬಲಗಾಲು ನೋಡಿಕೊಂಡಳು.

"ರೇಸ್‌ವಾಕ್," ಎಂದಳು.

"ಅಷ್ಟೇ ಮತ್ತೆ," ಎಂದು ಡೆನೀಸ್ ಲೋಟವನ್ನು ಚೀಲಕ್ಕೆ ಹಾಕಿದಳು. "ಸೇತುವೆ ತನಕ ಚೆನ್ನಾಗಿತ್ತು. ನನಗಿಂತ ಚೆನ್ನಾಗಿತ್ತು."

ಬೆಳಗಿನಿಂದ ಎಲ್ಲರೂ ಅವಳ ಸೊಂಟ ನೋಡಿ ನಕ್ಕಿದ್ದರು. ಒಬ್ಬ ಕಂಬಳಿ ತಂದಿದ್ದ. ಮೊಣಕಾಲು ನೋಡಿದವಳು ಇವಳೊಬ್ಬಳೇ. ಲಿಜೆಟ್‌ಗೆ ಸಿಟ್ಟು ಇನ್ನೂ ಇತ್ತು. ಆದರೆ ಅದನ್ನು ಯಾರ ಮೇಲೆ ಹಾಕುವುದೆಂದು ತಿಳಿಯಲಿಲ್ಲ.

"ಬಲಗಾಲು ತಾನೇ?" ಎಂದು ಕೇಳಿದಳು.

"ಹೂಂ."

"ಏರಿನಲ್ಲಿ ಅದು ನಿಲ್ಲಲ್ಲ. ಏನ್ ಮಾಡ್ಲಿ?"

"ನೀನು ಹೆಜ್ಜೆ ಮುಂದಕ್ಕೆ ಎಸೀತೀಯ. ಎಸೀಬಾರ್ದು. ಹಿಂದಿನ ಕಾಲಿಂದ ತಳ್ಳಬೇಕು. ಹೀಗೆ." ಡೆನೀಸ್ ಕೈಯಿಂದ ಗಾಳಿಯಲ್ಲಿ ತೋರಿಸಿದಳು.

"ಹೀಗೆ ಅಂದ್ರೆ ಹೇಗೆ? ಗೊತ್ತಾಗಲ್ಲ."

ಡೆನೀಸ್ ಏರಿನ ಕಡೆ ನೋಡಿದಳು. ತನ್ನ ದಪ್ಪ ಬೂಟು ನೋಡಿಕೊಂಡಳು. "ಬೂಟಲ್ಲಿ ಬರಲ್ಲ ಕಣೇ."

ಲಿಜೆಟ್ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

ಡೆನೀಸ್ ಚೀಲ ಕೆಳಗಿಟ್ಟಳು. ರಸ್ತೆಯ ನಡುವೆ ಹೋಗಿ ನಿಂತಳು. ಆಮೇಲೆ ಮೊಣಕೈ ಮಡಚಿ, ಏರಿನ ಮೇಲೆ ಹೆಜ್ಜೆ ಹಾಕಿದಳು.

ರೆಮಿ ಕಿಸಕ್ಕೆಂದ. "ಈಗ ಎರಡು ಬಾತುಕೋ—"

ಅಷ್ಟರಲ್ಲಿ ಲಿಜೆಟ್ ನೆಲಕ್ಕೆ ಬಗ್ಗಿದ್ದಳು. ಎರಡೂ ಕೈ ಊರಿ, ಕೆನ್ನೆ ತಣ್ಣನೆಯ ಟಾರಿಗೆ ತಾಗುವಷ್ಟು ಕೆಳಗೆ ಹೋಗಿ, ಅಕ್ಕನ ಬೂಟು ಊರುವುದನ್ನೂ ಮೊಣಕಾಲು ನೆಟ್ಟಗಾಗುವುದನ್ನೂ ನೋಡತೊಡಗಿದಳು.

"ಏನ್ ಬಿತ್ತೇ? ಏನ್ ಹುಡುಕ್ತಿದೀಯ?" ಎಂದ ರೆಮಿ.

"ಶ್! ಅಡ್ಡ ನಿಲ್ಲಬೇಡ ಕಣೋ," ಎಂದಳು ಲಿಜೆಟ್. "ಕಾಣಿಸ್ತಿಲ್ಲ."