ಫ್ರೀಜರಿನಲ್ಲಿ ಒಂದು ಆಲಿಕಲ್ಲು

“ಒತ್ತು! ಇನ್ನೂ ಜೋರಾಗಿ ಒತ್ತು!”

ಅಜ್ಜಿ ಫ್ರೀಜರ್ ಬಾಗಿಲಿಗೆ ಹೆಗಲು ಕೊಟ್ಟು ನಿಂತಿದ್ದಳು. ಅಣ್ಣ ಪಕ್ಕದಿಂದ ದಬ್ಬುತ್ತಿದ್ದ. ತಂಗಿ ಪಟಾಕಿ ಸ್ಟೂಲ್ ಹತ್ತಿ ಮೇಲಿನ ಮೂಲೆಯನ್ನು ಒತ್ತುತ್ತಿದ್ದಳು.

ಕೊನೆಗೂ ಬಾಗಿಲು ಮುಚ್ಚಿತು. ಮೂವರೂ ಉಸ್ಸಪ್ಪಾ ಎಂದು ಕೈ ತೆಗೆದರು. ‘ಟಪ್’ ಎಂದು ಅದು ಮತ್ತೆ ತೆರೆದುಕೊಂಡಿತು.

ಒಳಗೆ ಐಸ್ ಬಾಗಿಲಿನವರೆಗೂ ಬೆಳೆದು ಬಂದಿತ್ತು. ಬಟಾಣಿ ಪ್ಯಾಕೆಟ್ ಅರ್ಧ ಮಾತ್ರ ಕಾಣುತ್ತಿತ್ತು. ಐಸ್ ಟ್ರೇ ಎಲ್ಲಿದೆಯೋ ದೇವರಿಗೇ ಗೊತ್ತು.

“ಚಿಕ್ಕಮ್ಮಂಗೆ ಫೋನ್ ಮಾಡಿದೀನಿ,” ಎಂದ ಅಣ್ಣ. “ಈಗ ಬರ್ತಾಳಂತೆ. ಫ್ರಿಜ್ ಆಫ್ ಮಾಡಿ ಎಲ್ಲಾ ಐಸ್ ಕರಗಿಸ್ಬೇಕಂತೆ.”

ಪಟಾಕಿ ಸ್ಟೂಲಿನಿಂದ ಧುಮುಕಿದಳು. ಅವಳು ಬಾಯಿ ತೆರೆದರೆ ನಿಲ್ಲಿಸುವುದು ಕಷ್ಟ, ಅದಕ್ಕೇ ಮನೆಯವರು ಆ ಹೆಸರಿಟ್ಟಿದ್ದರು. ಈಗ ಮಾತ್ರ ಅವಳ ಬಾಯಿಂದ ಎರಡೇ ಮಾತು ಹೊರಟವು.

“ನನ್ನ ಆಲಿಕಲ್ಲು!”

ಹತ್ತು ದಿನದ ಹಿಂದೆ ಆಲಿಕಲ್ಲು ಮಳೆ ಬಂದಾಗ ಅದು ಅವಳ ಕಾಲ ಬುಡಕ್ಕೇ ಬಿದ್ದಿತ್ತು. ನಿಂಬೆಹಣ್ಣಿನಷ್ಟು ದಪ್ಪ! ಅವತ್ತಿನಿಂದ ಅದು ಫ್ರೀಜರಿನಲ್ಲಿ, ಬಾಗಿಲ ಹತ್ತಿರವೇ ಇತ್ತು. ಕ್ಲಾಸಿನಲ್ಲಿ ಯಾರೂ ನಂಬಲಿಲ್ಲ. “ರೀಲ್ ಬಿಡ್ಬೇಡ,” ಎಂದು ಕ್ಲಾಸ್ ಲೀಡರ್ ನಕ್ಕಿದ್ದಳು. ಸೈನ್ಸ್ ಮಿಸ್ ರಜೆ ಮುಗಿಸಿ ಸೋಮವಾರ ಬರುವವರಿದ್ದರು. ಅವತ್ತು ತಂದು ಟೇಬಲ್ ಮೇಲೇ ಇಡುತ್ತೇನೆ ಎಂದು ಪಟಾಕಿ ಎಲ್ಲರೆದುರು ಹೇಳಿಬಿಟ್ಟಿದ್ದಳು. ಇವತ್ತು ಶನಿವಾರ.

ಚಿಕ್ಕಮ್ಮ ಎಂದರೆ ಅಮ್ಮನ ತಂಗಿ. ಫ್ರಿಜ್, ಏಸಿ ರಿಪೇರಿಯೇ ಅವಳ ಕೆಲಸ. ಹೆಗಲಿಗೆ ಟೂಲ್ ಬ್ಯಾಗ್ ಹಾಕಿಕೊಂಡು ಬಂದವಳು ಫ್ರೀಜರ್ ನೋಡಿ ಸೊಂಟದ ಮೇಲೆ ಕೈಯಿಟ್ಟಳು.

“ಅಮ್ಮಾ, ಇದೇನೇ ಇದು? ಒಳಗೆ ಕರಡಿ ಸಾಕ್ತಿದೀಯಾ?”

“ಸಾಕಿದ್ರೆ ಅದೂ ನೆಗಡಿ ಆಗಿ ಓಡಿಹೋಗ್ತಿತ್ತು,” ಎಂದಳು ಅಜ್ಜಿ.

ಅಷ್ಟರಲ್ಲಿ ಅಣ್ಣ ದೊಡ್ಡ ಚಾಕು ಹಿಡಿದು ವೀರನಂತೆ ನುಗ್ಗಿದ. ಚಿಕ್ಕಮ್ಮ ಅವನ ಕಾಲರ್ ಹಿಡಿದು ನಿಲ್ಲಿಸಿದಳು. “ಏಯ್! ಆ ಐಸ್ ಹಿಂದೆ ಗ್ಯಾಸ್ ಪೈಪ್ ಇದೆ. ಅದಕ್ಕೆ ತೂತು ಬಿದ್ರೆ ಫ್ರಿಜ್ ಕತೆ ಮುಗೀತು. ಚಾಕು ಒಳಗಿಡು, ಹೋಗಿ ಬಿಸಿನೀರು ತಾ.”

“ಚಿಕ್ಕಮ್ಮಾ, ನನ್ನ ಆಲಿಕಲ್ಲು ಸತ್ತೇಹೋಗತ್ತೆ!” ಪಟಾಕಿಯ ಕಣ್ಣು ತುಂಬಿತು.

ಚಿಕ್ಕಮ್ಮ ಸ್ವಲ್ಪ ಯೋಚಿಸಿ, ಅಗಲ ಬಾಯಿಯ ಫ್ಲಾಸ್ಕ್ ತರಿಸಿದಳು. ಸಡಿಲವಾಗಿದ್ದ ಐಸನ್ನು ಕೈಯಲ್ಲೇ ಬಿಡಿಸಿ ತಳಕ್ಕೆ ಹಾಕಿದಳು. ಅದರ ಮೇಲೆ ಆಲಿಕಲ್ಲು, ಅದರ ಮೇಲೆ ಮತ್ತೆ ಐಸ್. “ಹಾಸಿಗೆ, ಹೊದಿಕೆ ಎಲ್ಲಾ ಆಯ್ತು. ಇನ್ನು ಮುಚ್ಚಳ ಹಾಕಿಡು.”

ಫ್ರೀಜರಿನೊಳಗೆ ಬಿಸಿನೀರಿನ ಪಾತ್ರೆ ಇಟ್ಟರು. ನೆಲಕ್ಕೆ ಟವೆಲ್ ಹಾಸಿದರು. ತೊಟ್ ತೊಟ್ ಎಂದು ಶುರುವಾಯಿತು. ಸ್ವಲ್ಪ ಹೊತ್ತಿಗೆ ‘ದಢ್’ ಎಂದು ಹಲಗೆಯಂಥ ಐಸ್ ಬಿತ್ತು! ಅದು ಟವೆಲ್ ದಾಟಿ, ನೆಲದ ಮೇಲೆ ಜರ್‍ರನೆ ಜಾರಿ, ಅಜ್ಜಿಯ ಕಾಲ ಸಂದಿಯಲ್ಲಿ ನುಸುಳಿ ಬಾಗಿಲಿನತ್ತ ಹೊರಟಿತು. ಹಿಡಿಯಲು ಹೋದ ಅಣ್ಣನೂ ಅದರ ಹಿಂದೆಯೇ ಕೂತು ಜಾರಿಹೋದ. ಅಜ್ಜಿಗೆ ನಕ್ಕೂ ನಕ್ಕೂ ಬಿಕ್ಕಳಿಕೆ ಬಂತು.

ಪಟಾಕಿ ಫ್ಲಾಸ್ಕ್ ತೆರೆದು ನೋಡಿದಳು. ಆಲಿಕಲ್ಲು ಕ್ಷೇಮ. ಮುಚ್ಚಿದಳು.

ಎರಡನೇ ಹಲಗೆಯ ಜೊತೆ ಐಸ್ ಟ್ರೇ ಸಿಕ್ಕಿತು. ಮೂರನೆಯದರ ಜೊತೆ ಅಣ್ಣನ ಕನ್ನಡಕ! “ಕಣ್ಣಿಗೆ ತಂಪಾಗ್ಲಿ ಅಂತ ಇಟ್ಟಿದ್ದೆ,” ಎಂದ ಅಣ್ಣ. ಅಜ್ಜಿಯ ಬಿಕ್ಕಳಿಕೆ ಇನ್ನೂ ಜೋರಾಯಿತು.

ಪಟಾಕಿ ನಗುತ್ತಲೇ ಮತ್ತೆ ಫ್ಲಾಸ್ಕ್ ತೆರೆದು ನೋಡಿದಳು.

ಫ್ರೀಜರ್ ಖಾಲಿಯಾದ ಮೇಲೆ ಚಿಕ್ಕಮ್ಮ ಒಂದು ಹಾಳೆಯನ್ನು ಬಾಗಿಲಿನ ಸಂದಿಗೆ ಸಿಕ್ಕಿಸಿ, ಬಾಗಿಲು ಹಾಕಿ ಎಳೆದಳು. ಹಾಳೆ ಬರಲಿಲ್ಲ. ನಾಲ್ಕೂ ಕಡೆ ಹಾಗೇ ಮಾಡಿದಳು. ಎಲ್ಲೂ ಬರಲಿಲ್ಲ.

“ಬಾಗಿಲ ಅಂಚಿನ ರಬ್ಬರ್ ಸರಿಯಾಗಿದೆ. ಗಾಳಿ ಸಂದಿಯಿಂದ ನುಗ್ತಿಲ್ಲ. ಬಾಗಿಲು ತೆಗೆದಾಗ್ಲೇ ರಾಜಾರೋಷವಾಗಿ ಒಳಗೆ ಹೋಗ್ತಿದೆ. ಗಾಳೀಲಿ ಇರೋ ನೀರೇ ಅಲ್ಲಿ ಐಸ್ ಆಗೋದು. ಯಾರು ಇಷ್ಟು ಸಲ ತೆಗೆಯೋರು?”

“ನಾನು ದಿನಕ್ಕೆ ಒಂದೇ ಸಲ,” ಎಂದಳು ಅಜ್ಜಿ. ಹಿಕ್!

“ಕನ್ನಡಕ ಇಟ್ಟಿದ್ದನ್ನೇ ಮರೆತವನು ನಾನು,” ಎಂದ ಅಣ್ಣ.

“ನಾನಂತೂ ಅದರಿಂದ ಏನೂ ತಗೊಳ್ಳೋದೇ ಇಲ್ಲಪ್ಪ!” ಎನ್ನುತ್ತಾ ಪಟಾಕಿ ಫ್ಲಾಸ್ಕ್ ಮುಚ್ಚಳ ತಿರುಗಿಸಿದಳು.

ಹೊದಿಕೆಯ ಐಸ್ ನೀರಾಗಿತ್ತು. ಆಲಿಕಲ್ಲು ಸಣ್ಣದಾಗಿತ್ತು. ನಿಂಬೆಹಣ್ಣು ಗೋಲಿಯಾಗುವ ದಾರಿ ಹಿಡಿದಿತ್ತು.

ಅವಳು ಗಬಕ್ಕನೆ ಮುಚ್ಚಳ ಹಾಕಿದಳು. ಮುಚ್ಚಳದ ಮೇಲಿದ್ದ ತನ್ನ ಕೈ ನೋಡಿಕೊಂಡಳು. ಆಮೇಲೆ ಫ್ರೀಜರ್ ನೋಡಿದಳು. ಎದ್ದ ಕೂಡಲೇ ಒಂದು ಸಲ. ಹಲ್ಲುಜ್ಜಿ ಒಂದು ಸಲ. ಸ್ಕೂಲಿಗೆ ಹೊರಡುವಾಗ, ಬಂದಾಗ, ಬೀದಿಯ ಪುಟ್ಟ ಮಕ್ಕಳಿಗೆ ತೋರಿಸುವಾಗ… ಎರಡೂ ಕೈ ಬೆರಳು ಮುಗಿದವು.

“ಚಿಕ್ಕಮ್ಮಾ,” ಎಂದಳು ಮೆಲ್ಲಗೆ, “ಸುಮ್ನೆ ನೋಡಿದ್ರೂ ಲೆಕ್ಕಾನಾ?”

“ನೀನು ನೋಡೋಕೆ ತೆಗೆದ್ಯೋ, ತಿನ್ನೋಕೆ ತೆಗೆದ್ಯೋ, ಗಾಳಿಗೇನು ಗೊತ್ತು?”

ಪಟಾಕಿ ತಾನೇ ಬಟ್ಟೆ ತಂದು ಫ್ರೀಜರಿನ ಮೂಲೆ ಮೂಲೆ ಒರೆಸಿದಳು. ಚಿಕ್ಕಮ್ಮ ಸ್ವಿಚ್ ಹಾಕಿದಳು. ಒಳಗೆ ಚೆನ್ನಾಗಿ ತಣ್ಣಗಾಗುವವರೆಗೂ ಪಟಾಕಿ ಫ್ಲಾಸ್ಕನ್ನು ದೂರದಲ್ಲಿಟ್ಟು, ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಳು. ಆಮೇಲೆ ಆಲಿಕಲ್ಲು ಪುಟ್ಟ ಡಬ್ಬಿಯಲ್ಲಿ ಒಳಗೆ ಹೋಯಿತು. ಅರ್ಧ ನಿಂಬೆಹಣ್ಣಿನಷ್ಟಾದರೂ ಉಳಿದಿತ್ತು.

ಸಂಜೆ ಪುಟ್ಟ ಮಕ್ಕಳು ಬಂದು, “ಪಟಾಕಿ ಅಕ್ಕಾ, ಆಲಿಕಲ್ಲು ತೋರ್ಸು!” ಎಂದು ಕೂಗಿದರು. ಅವಳು ಅದರ ಚಿತ್ರ ಬರೆದು ಫ್ರೀಜರ್ ಬಾಗಿಲಿಗೆ ಅಂಟಿಸಿದ್ದಳು. “ಇದನ್ನೇ ಎಷ್ಟು ಹೊತ್ತು ಬೇಕಾದ್ರೂ ನೋಡಿ,” ಎಂದಳು.

ಭಾನುವಾರ ಅಜ್ಜಿ ಬಟಾಣಿ ತೆಗೆಯಲು ಹೋದಳು. ಪಟಾಕಿ ಓಡಿಬಂದವಳು ಅರ್ಧ ದಾರಿಯಲ್ಲೇ ನಿಂತಳು.

“ಬೇಗ ತಗೋ ಅಜ್ಜಿ. ಬೇಗ ಹಾಕು.”

“ಬಾಗಿಲು ತೆಗ್ದೇ ಇದೆಯಲ್ಲೇ, ನೀನೂ ಒಂದ್ಸಲ ಇಣುಕಿ ನೋಡು.”

“ಬೇಡ. ನೀನೇ ಹೇಳು. ಇದೆಯಾ?”

“ಇದೆ ಕಣೆ. ಇಟ್ಟಷ್ಟೇ ಇದೆ.”

ಬಾಗಿಲು ಗಟ್ಟಿಯಾಗಿ ಮುಚ್ಚಿಕೊಂಡಿತು. ಪಟಾಕಿ ಆಡಲು ಓಡಿದಳು.