ಟೊಂಯ್ ಎನ್ನದ ಲ್ಯಾಪ್‌ಟಾಪ್

"ಟೊಂಯ್!"

ತೊಟ್ಟಿಲಲ್ಲಿದ್ದ ಪಾಪು ಬೆಚ್ಚಿಬಿದ್ದು ಕಣ್ಣು ಬಿಟ್ಟಿತು. ತುಟಿ ಮುಂದೆ ಬಂತು, ಮುಖ ಕೆಂಪಾಯಿತು, ಆಮೇಲೆ ಶುರುವಾಯಿತು ನೋಡಿ ಅದರ ಅಳು!

"ಅಪ್ಪಾ! ಈಗಷ್ಟೇ ಮಲಗಿತ್ತು!" ಪಿಟೀಲು ಗಣಿತದ ಪುಸ್ತಕವನ್ನು ನೆಲಕ್ಕೆ ಕುಕ್ಕಿದಳು.

"ಟೊಂಯ್" ಎಂದು ಲ್ಯಾಪ್‌ಟಾಪ್ ಇನ್ನೊಮ್ಮೆ ಹೇಳಿತು, ಎದುರುತ್ತರ ಕೊಟ್ಟಂತೆ.

"ಸಾರಿ ಕಣೇ, ಸಾರಿ," ಎಂದ ಅಪ್ಪ, ಕೀಬೋರ್ಡಿನಿಂದ ಕೈ ತೆಗೆಯದೆ.

ಹುಟ್ಟಿದಾಗ ಸಣ್ಣ ದನಿಯಲ್ಲಿ ಕುಂಯ್ ಕುಂಯ್ ಎಂದು ಅಳುತ್ತಿದ್ದಳೆಂದು ಅಪ್ಪ ಅವಳಿಗೆ ಪಿಟೀಲು ಎಂದು ಹೆಸರಿಟ್ಟಿದ್ದ. ಪಾಪುವಿನದು ಪಿಟೀಲಲ್ಲ, ಪೂರ್ತಿ ಬ್ಯಾಂಡ್‌ಸೆಟ್. ಅಮ್ಮ ಮಧ್ಯಾಹ್ನವಾದರೆ ಆಸ್ಪತ್ರೆಯ ಲಾಂಡ್ರಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಬೆಳಗಿನ ಶಾಲೆ ಮುಗಿಸಿ ಬಂದ ಪಿಟೀಲಿಗೆ ಸಂಜೆಯವರೆಗೂ ತೊಟ್ಟಿಲು ತೂಗುವ ಡ್ಯೂಟಿ.

ಅಪ್ಪನಿಗೂ ಆಗಲೇ ಕೆಲಸ. ಯಾವುದೋ ಆಫೀಸಿನ ಮೀಟಿಂಗಿನ ರೆಕಾರ್ಡಿಂಗ್ ಹಾಕಿಕೊಂಡು, ಅಲ್ಲಿ ಆಡಿದ ಮಾತನ್ನೆಲ್ಲ ಟೈಪ್ ಮಾಡಿ ಕಳಿಸಬೇಕು. ಪಾಪು ಅತ್ತರೆ ಕೇಳಿಸಬೇಕೆಂದು ಅವನು ಕಿವಿಗೆ ಏನನ್ನೂ ಸಿಕ್ಕಿಸಿಕೊಳ್ಳುತ್ತಿರಲಿಲ್ಲ. ರೆಕಾರ್ಡಿಂಗಿನ ಗೊಣಗೊಣಕ್ಕೆ ಪಾಪು ಹಾಯಾಗಿ ಮಲಗುತ್ತಿತ್ತು. "ಮೀಟಿಂಗ್ ಅಂದ್ರೆ ದೊಡ್ಡೋರಿಗೇ ನಿದ್ದೆ ಬರುತ್ತೆ, ಇನ್ನು ಇದ್ಯಾವ ಲೆಕ್ಕ!" ಎಂದು ಅಪ್ಪ ನಗುತ್ತಿದ್ದ. ತೊಂದರೆಯೆಲ್ಲ ಆ ಹಾಳು ಟೊಂಯ್‌ನಿಂದ. ಅದು ಬಂದರೆ ಒಂದಲ್ಲ, ಎರಡು ಸಲ ಬರುತ್ತಿತ್ತು.

"ಆ ಸೌಂಡ್ ಆಫ್ ಮಾಡಪ್ಪಾ" ಎಂದು ಪಿಟೀಲು ಹಿಂದೊಮ್ಮೆ ಕೇಳಿದ್ದಳು.

"ಇರ್ಲಿ ಬಿಡು, ಅದರ ಪಾಡಿಗೆ ಅದು" ಎಂದು ಅಪ್ಪ ಮಾತು ಹಾರಿಸಿದ್ದ.

ಇವತ್ತು ಮಾತ್ರ ಅವಳಿಗೆ ತಲೆ ಕೆಟ್ಟುಹೋಯಿತು. ನಾಳೆ ಗಣಿತದ ಟೆಸ್ಟ್. ಭಿನ್ನರಾಶಿ ಒಂದಕ್ಷರವೂ ತಲೆಗೆ ಹತ್ತಿರಲಿಲ್ಲ. ಅಪ್ಪ ಸ್ನಾನಕ್ಕೆ ಹೋದದ್ದೇ ತಡ, ಅವಳು ಲ್ಯಾಪ್‌ಟಾಪಿನ ಮುಂದೆ ಕೂತಳು. ಶಾಲೆಯಲ್ಲಿ ಕಂಪ್ಯೂಟರ್ ಮಿಸ್ ತೋರಿಸಿಕೊಟ್ಟಿದ್ದರು. ಮೂಲೆಯ ಸ್ಪೀಕರ್ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ವಾಲ್ಯೂಮ್ ಮಿಕ್ಸರ್ ತೆರೆದರೆ, ಯಾವ ಸದ್ದು ಎಷ್ಟಿರಬೇಕೆಂದು ಬೇರೆ ಬೇರೆಯಾಗಿ ಹೇಳಬಹುದು. ರೆಕಾರ್ಡಿಂಗಿನ ಸದ್ದನ್ನು ಅವಳು ಮುಟ್ಟಲಿಲ್ಲ. "ಸಿಸ್ಟಂ ಸೌಂಡ್ಸ್" ಎಂದು ಬರೆದದ್ದನ್ನು ಹಿಡಿದು ಸೊನ್ನೆಗೆ ಎಳೆದಳು. ಅಷ್ಟೇ.

ಆ ಮಧ್ಯಾಹ್ನ ಮನೆಯಲ್ಲಿ ಎಂಥ ಸುಖ! ಪಾಪು ಕಾಲು ಚಾಚಿ ಮಲಗಿತು. ಮೀಟಿಂಗು ಗೊಣಗಿತು. ಅಪ್ಪನ ಬೆರಳು ಪಟಪಟ ಓಡಿದವು. ಪಿಟೀಲು ಅಭ್ಯಾಸದ ಲೆಕ್ಕಗಳನ್ನೆಲ್ಲ ಮಾಡಿ ಮುಗಿಸಿದಳು.

ಸಂಜೆ ಅಪ್ಪ ಬೆನ್ನು ನೆಟ್ಟಗೆ ಮಾಡಿ ಬೆರಳು ನೆಟಿಗೆ ತೆಗೆದ. "ಪಿಟೀಲೂ, ಗಮನಿಸಿದ್ಯಾ? ಒಂದ್ಸಲಾನೂ ಟೊಂಯ್ ಅನ್ಲಿಲ್ಲ! ಕೈ ಕುದುರಿಬಿಡ್ತು ಕಣೇ!"

ಅಮ್ಮ ಬಂದಾಗ ಅವಳಿಗೂ ಅದನ್ನೇ ಹೇಳಿದ. ಅಮ್ಮ ಚಪ್ಪಲಿಯನ್ನೂ ಬಿಡದೆ ನಿಂತು ಕೇಳಿದಳು. "ನಿಜವಾಗ್ಲೂನಾ? ಇಡೀ ಫೈಲಲ್ಲಿ ಒಂದೂ ಇಲ್ವಾ?" ಎಂದು ಮತ್ತೆ ಮತ್ತೆ ಕೇಳಿ ನಕ್ಕಳು. ಅಮ್ಮ ಹಾಗೆ ನಕ್ಕು ಬಹಳ ದಿನವಾಗಿತ್ತು. ಇಷ್ಟು ಸಣ್ಣ ಸಂಗತಿಗೆ ಇಷ್ಟೊಂದು ಖುಷಿಯೇಕೆಂದು ಪಿಟೀಲಿಗೆ ಗೊತ್ತಾಗಲಿಲ್ಲ. ನಿಜ ಹೇಳಿಬಿಡೋಣ ಎನ್ನಿಸಿತು. ಅಮ್ಮನ ನಗು ಕೆಡಿಸಲು ಮನಸ್ಸಾಗಲಿಲ್ಲ.

ಮರುದಿನ ಟೆಸ್ಟ್ ಚೆನ್ನಾಗಿಯೇ ಆಯಿತು. ಅವಳು ಕುಣಿಯುತ್ತ ಮನೆಗೆ ಬಂದರೆ, ಅಪ್ಪ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರಿನಲ್ಲಿ ಮಾತಾಡುತ್ತಿದ್ದ. ಆಚೆಯಿಂದ ಮಾತಾಡುತ್ತಿದ್ದವರು ಅಪ್ಪನಿಗೆ ಕೆಲಸ ಕೊಡುವ ಮೇಲ್ವಿಚಾರಕರು.

"ಏನ್ರೀ ಇದು? ಎರಡನೇ ಪುಟದಿಂದ ಕೊನೇವರೆಗೂ ಬರೀ ಕಸ! ಇಂಗ್ಲಿಷ್ ಅಕ್ಷರಗಳು, ತಲೆ ಇಲ್ಲ ಬುಡ ಇಲ್ಲ. ಕಳಿಸೋ ಮುಂಚೆ ಒಂದ್ಸಲ ನೋಡಲಿಲ್ವಾ?"

"ನೋಡಿದ್ದೆ ಸಾರ್" ಎಂದ ಅಪ್ಪ. ಅವನ ದನಿ ಇಳಿದುಹೋಗಿತ್ತು.

"ಏನ್ ನೋಡಿದ್ರಿ? ಕಣ್ಣಿಗೆ ಎಣ್ಣೆ ಬಿಟ್ಕೊಂಡು ಮಾಡೋ ಕೆಲಸ ಇದು. ಅಲ್ಲಿ ಮೀಟಿಂಗಿನೋರು ನನ್ನ ಮರ್ಯಾದೆ ತೆಗೆದ್ರು."

"ಸಾರ್, ಇವತ್ತೇ ಪೂರ್ತಿ ಮತ್ತೆ ಮಾಡಿ ಕೊಡ್ತೀನಿ."

"ಬೇಡ. ಬೇರೆಯವರಿಗೆ ಕೊಟ್ಟಾಯ್ತು. ಮುಂದಿನ ಫೈಲುಗಳೂ ಅವರಿಗೇ. ನಿಮ್ಮ ಮೇಲೆ ನಂಬಿಕೆ ಇಟ್ಟಿದ್ದೆ, ಏನ್ ಮಾಡೋದು."

ಫೋನ್ ನಿಂತಿತು. ಅಪ್ಪ ನಿನ್ನೆಯ ಫೈಲು ತೆರೆದು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ.

"ಪಿಟೀಲೂ, ಇಲ್ಲಿ ಬಾ. ಇದ್ರಲ್ಲಿ ಏನಿದೆ, ಓದು."

ಅವಳು ನೋಡಿದಳು. ಅಕ್ಷರಗಳು ಹೆಬ್ಬೆರಳಿನಷ್ಟು ದೊಡ್ಡದಾಗಿದ್ದವು. ಮೊದಲ ಪುಟ ಸರಿಯಾಗಿತ್ತು. ಆಮೇಲೆ ಪುಟದ ಮೇಲೆ ಪುಟ ಇಂಗ್ಲಿಷ್ ಅಕ್ಷರಗಳು ದಿಕ್ಕಾಪಾಲಾಗಿ ಬಿದ್ದಿದ್ದವು.

"ಓದೋಕೆ ಏನೂ ಇಲ್ಲಪ್ಪಾ." ಅವಳು ಅಪ್ಪನ ಮುಖ ನೋಡಿದಳು. "ನಿಂಗೆ... ಕಾಣಲ್ವಾ?"

"ಬೆಳ್ಳಗೆ ಕಾಣುತ್ತೆ. ಅದ್ರಲ್ಲಿ ಕಪ್ಪಗೆ ಸಾಲು ಕಾಣುತ್ತೆ. ಇರುವೆ ಹೋದ ಹಾಗೆ. ಅಕ್ಷರ ಕಾಣಲ್ಲ."

ಪಿಟೀಲಿಗೆ ಒಂದೊಂದೇ ನೆನಪಾಯಿತು. ನಿನ್ನ ಓದು ಚೆನ್ನಾಗಾಗಲಿ ಎಂದು ಅಪ್ಪ ದಿನವೂ ಅವಳಿಂದ ಗಟ್ಟಿಯಾಗಿ ಪೇಪರ್ ಓದಿಸುತ್ತಿದ್ದ. ಹಾಲಿನ ಪ್ಯಾಕೆಟ್ಟಿನ ತಾರೀಕು ಓದಿಸುತ್ತಿದ್ದ. ಅದೆಲ್ಲ ಅವಳ ಓದಿಗಾಗಿ ಅಲ್ಲ.

"ಡಾಕ್ಟರಿಗೆ ತೋರಿಸಿದ್ಯಾ? ಏನಂದ್ರು?"

"ಡ್ರಾಪ್ಸ್ ಹಾಕಿದ್ರೆ ಉಳಿದಿದ್ದು ಉಳಿಯುತ್ತೆ ಅಂದ್ರು. ಹೋಗಿದ್ದು ಬರಲ್ಲ."

ಅಪ್ಪ ಕೀಬೋರ್ಡಿನ ಅಂಚಿಗೆ ಕಿರುಬೆರಳು ತಂದ. ಭಾಷೆ ಬದಲಾಯಿಸುವ ಕೀ ಅಲ್ಲೇ ಇತ್ತು. ಅದನ್ನು ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ. ಸದ್ದಿಲ್ಲ.

"ಇದಕ್ಕೇನಾಯ್ತು? ಟೈಪ್ ಮಾಡುವಾಗ ಬೆರಳು ತಾಗಿ ಇಂಗ್ಲಿಷಿಗೆ ಹೋದ್ರೆ ಟೊಂಯ್ ಅನ್ನುತ್ತೆ. ತಕ್ಷಣ ಇನ್ನೊಂದ್ಸಲ ಒತ್ತಿ ವಾಪಸ್ ಬರ್ತೀನಿ. ಅದೊಂದ್ರಿಂದಾನೇ ನಂಗೆ..."

 ತಾನು ಸೊನ್ನೆಗೆ ಎಳೆದ ಸದ್ದು ಅದೇ ಎಂದು ಪಿಟೀಲಿಗೆ ಹೊಳೆಯಿತು. ಓಡಿಹೋಗಿ ಎಲ್ಲಾದರೂ ಅವಿತುಕೊಳ್ಳೋಣ ಎಂದರೆ ಆ ಮನೆಯಲ್ಲಿ ಅವಿತುಕೊಳ್ಳಲು ಜಾಗವೂ ಇರಲಿಲ್ಲ.

"ಅಪ್ಪಾ, ನಾನೇ ಆಫ್ ಮಾಡಿದ್ದು. ಪಾಪು ಏಳುತ್ತೆ ಅಂತ. ನಂಗೆ ಟೆಸ್ಟ್ ಇತ್ತು ಅಂತ." ಮುಂದಿನದೆಲ್ಲ ಬರೀ ಅಳು.

ಅಪ್ಪ ಬೈಯಲಿಲ್ಲ. ಎರಡೇಟು ಹಾಕಿದ್ದರೂ ಅವಳಿಗೆ ಸಮಾಧಾನವಾಗುತ್ತಿತ್ತು. ಅವನು ತನ್ನ ಬೆರಳುಗಳನ್ನು ಒಂದರ ಮೇಲೊಂದು ಸವರಿಕೊಂಡ.

"ಹಾಗಾದ್ರೆ ನಿನ್ನೆ ನನ್ನ ಕೈ ಕುದುರಿರಲಿಲ್ಲ" ಎಂದ, ತನಗೆ ತಾನೇ ಹೇಳಿಕೊಂಡಂತೆ.

ಪಿಟೀಲು ಕಣ್ಣು ಒರೆಸಿಕೊಂಡು ಫೋನ್ ಎತ್ತಿಕೊಂಡಳು. "ಆ ಸಾರ್‌ಗೆ ನಾನೇ ಹೇಳ್ತೀನಿ. ನಿಂದೇನೂ ತಪ್ಪಿಲ್ಲ, ನಂದೇ ಅಂತ."

"ಹೂಂ, ಹೇಳು. ಸೌಂಡ್ ಆಫ್ ಆದ್ರೆ ಏನಾಯ್ತು, ನಿಮ್ಮಪ್ಪ ಸ್ಕ್ರೀನ್ ನೋಡಲ್ವಾ ಅಂತ ಕೇಳ್ತಾರೆ. ಏನಂತೀಯ?"

ಅವಳು ಯೋಚಿಸಿದಳು. ನಿಜ ಹೇಳಿದರೆ ಕಣ್ಣಿನ ವಿಷಯ ಹೇಳಬೇಕು. ಅಕ್ಷರ ಕಾಣದವನಿಗೆ ಟೈಪಿಂಗ್ ಕೆಲಸ ಯಾರು ಕೊಡುತ್ತಾರೆ? ಇವರೂ ಕೊಡುವುದಿಲ್ಲ, ಬೇರೆಯವರೂ ಕೊಡುವುದಿಲ್ಲ. ಸುಳ್ಳು ಹೇಳಿದರೆ ಅಪ್ಪ ಬೇಜವಾಬ್ದಾರಿ ಮನುಷ್ಯ. ಎತ್ತ ಹೋದರೂ ಗೋಡೆ. ಅವಳು ಫೋನನ್ನು ಮೆತ್ತಗೆ ಕೆಳಗಿಟ್ಟಳು.

"ಆ ಸೌಂಡ್ ಮತ್ತೆ ಆನ್ ಮಾಡ್ತೀಯಾ?" ಎಂದು ಅಪ್ಪ ಕೇಳಿದ.

ಅವಳು ಮಾಡಿದಳು. ಅಪ್ಪ ಆ ಕೀ ಒತ್ತಿದ. ಟೊಂಯ್. ಇನ್ನೊಮ್ಮೆ ಒತ್ತಿದ. ಟೊಂಯ್. ತೊಟ್ಟಿಲಲ್ಲಿ ಪಾಪು ಮಿಸುಕಾಡಿ ಮತ್ತೆ ನಿದ್ದೆಹೋಯಿತು. ಟೈಪ್ ಮಾಡಲು ಯಾವ ಫೈಲೂ ಇರಲಿಲ್ಲ. ಅವನು ಲ್ಯಾಪ್‌ಟಾಪ್ ಮುಚ್ಚಿದ.

"ಅಮ್ಮಂಗೆ?" ಎಂದಳು ಪಿಟೀಲು.

"ಕಣ್ಣಿನ ವಿಷಯ ಅವಳಿಗೆ ಗೊತ್ತು. ಕೆಲಸ ಹೋಗಿದ್ದು ನಾನು ಹೇಳ್ತೀನಿ. ನಿನ್ನ ವಿಷಯ ಹೇಳಲ್ಲ."

"ಅದೂ ಹೇಳ್ಬೇಕು" ಎಂದಳು ಪಿಟೀಲು. "ನಾನೇ ಹೇಳ್ತೀನಿ."

 ಹೊರಗೆ ಓಣಿಯಲ್ಲಿ ಮಕ್ಕಳು ಚೆಂಡು ಒದೆಯುತ್ತಿದ್ದರು. ಅವಳನ್ನೂ ಕೂಗಿ ಕರೆದರು. ಅವಳು ಹೋಗಲಿಲ್ಲ. ನಿನ್ನೆ ಸಂಜೆ ಅಮ್ಮ ಚಪ್ಪಲಿ ಬಿಡದೆ ನಿಂತು ನಕ್ಕಿದ್ದು ಕಣ್ಣ ಮುಂದೆ ಬಂತು. ಇವತ್ತು ಅದೇ ಬಾಗಿಲಲ್ಲಿ ಅಮ್ಮನ ಮುಖ ಹೇಗಾಗುತ್ತದೋ.

"ಒಂದ್ ಲೋಟ ನೀರು ಕೊಡ್ತೀಯಾ?" ಎಂದ ಅಪ್ಪ.

ಪಿಟೀಲು ನೀರು ತಂದು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. ಅಪ್ಪ ಕೈ ಚಾಚಿದ. ಲೋಟ ಇದ್ದದ್ದು ಬಲಕ್ಕೆ, ಕೈ ಹೋದದ್ದು ಎಡಕ್ಕೆ. ಬೆರಳುಗಳು ಬರೀ ಮೇಜನ್ನು ತಡವಿದವು. ಇಷ್ಟು ದಿನ ಇದನ್ನು ತಾನು ಹೇಗೆ ನೋಡಲಿಲ್ಲ ಎಂದು ಅವಳು ಆ ಕೈಯನ್ನೇ ನೋಡುತ್ತ ನಿಂತಳು.

ಅಪ್ಪ ಸುಮ್ಮನೆ ತಡವುತ್ತಿದ್ದ.

ಅವಳು ಲೋಟವನ್ನು ಎತ್ತಿ, ಟಕ್ ಎಂದು ಜೋರಾಗಿ ಸದ್ದಾಗುವಂತೆ ಮತ್ತೆ ಇಟ್ಟಳು.

ಅಪ್ಪನ ಕೈ ನೇರವಾಗಿ ಅಲ್ಲಿಗೇ ಬಂತು.

ತೊಟ್ಟಿಲಲ್ಲಿ ಪಾಪು ಬೆಚ್ಚಿ ಅಳತೊಡಗಿತು. ಪಿಟೀಲು ಹೆಜ್ಜೆ ಸಪ್ಪಳವಾಗುವಂತೆ ನಡೆದುಹೋಗಿ ಅದನ್ನು ಎತ್ತಿಕೊಂಡಳು.